34 ಬಿ ಅಂದರೆ ಎಷ್ಟು? ಮುಂಬೈ, ಪುಣೆ, ಗೋವಾದಲ್ಲಿ ಬ್ರಾ ಕೊಳ್ಳುವವರಿಗೆ

ದಾದರ್ ಪಶ್ಚಿಮದಲ್ಲಿ ಇಳಿದು ರಾನಡೆ ರೋಡಿನ ಕಡೆ ನಡೆದು ಯಾವುದಾದರೂ ಸಣ್ಣ ಅಂಗಡಿಯ ಮುಂದೆ ನಿಂತರೆ ಸಾಮಾನ್ಯವಾಗಿ ಯಾರೂ ಟೇಪು ತೆಗೆಯುವುದಿಲ್ಲ. ಒಮ್ಮೆ ಕಣ್ಣು ಹಾಯಿಸಿ “ಚೌತೀಸ್ ಆಯೇಗಾ” (34 ಆಗುತ್ತದೆ) ಎಂದು ಡಬ್ಬಿ ಇಳಿಸುತ್ತಾರೆ. ಪುಣೆಯ ತುಳಶಿಬಾಗಿನ ಇಕ್ಕಟ್ಟು ಗಲ್ಲಿಯಲ್ಲೂ, ಗೋವಾದ ಮಾಪಸಾದ ಶುಕ್ರವಾರದ ಸಂತೆಯಲ್ಲೂ ಬಹುಮಟ್ಟಿಗೆ ಇದೇ ನಡೆ. ಕೊಳ್ಳುವ ನಮ್ಮವರಿಗೂ ಸಂಕೋಚ. ಊರಲ್ಲಿ ಅಮ್ಮಂದಿರು “ಬಾಡಿ” ಎಂದು ಪಿಸುದನಿಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಗಂಡಸರೆದುರು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಬೇಕು. ಬೇಗ ಮುಗಿದರೆ ಸಾಕೆಂದು ಕೊಟ್ಟದ್ದನ್ನು ತರುತ್ತೇವೆ. ಮನೆಯಲ್ಲಿ ಹಾಕಿದರೆ ಭುಜದ ಪಟ್ಟಿ ಜಾರುತ್ತದೆ, ಬೆನ್ನಿನ ಭಾಗ ಮೇಲೇರುತ್ತದೆ, ಲೋಕಲ್‌ನಲ್ಲಿ ಹಿಡಿಕೆಗೆ ಕೈ ಎತ್ತಿದರೆ ಇಡೀ ಬ್ರಾ ಎದೆಯ ಮೇಲಕ್ಕೆ ಬರುತ್ತದೆ. ಇದಕ್ಕೆ ಮೈಯನ್ನು ದೂರುವ ಅಗತ್ಯವಿಲ್ಲ. ಅಳತೆ ತಪ್ಪಿದೆ, ಅದನ್ನು ಸರಿಪಡಿಸಬಹುದು.

ಭಾರ ಹೊರುವುದು ಯಾವುದು

ಲೇಬಲ್ಲಿನ ನಂಬರು (32, 34, 36) ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಕೂರುವ ಬ್ಯಾಂಡಿನದು. ಅಕ್ಷರ (ಎ, ಬಿ, ಸಿ, ಡಿ) ಕಪ್‌ನದು. ಕಪ್‌ಗೆ ಅಕ್ಷರ ಕೊಡುವ ಪದ್ಧತಿ 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ಭಾರದ ಹೆಚ್ಚು ಪಾಲನ್ನು ಹೊರಬೇಕಾದ್ದು ಬ್ಯಾಂಡು. ಭುಜದ ಪಟ್ಟಿಗಳ ಕೆಲಸ ಕಪ್‌ ಅನ್ನು ಮೈಗೆ ಒತ್ತಿ ಹಿಡಿಯುವುದಷ್ಟೇ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿದರೆ ಹೊರಬಹುದು, ಬೆರಳಿಗೆ ನೇತುಹಾಕಿಕೊಂಡರೆ ಬೆರಳು ಕತ್ತರಿಸಿಹೋಗುತ್ತದೆ. ಸಡಿಲ ಬ್ಯಾಂಡಿನ ಬ್ರಾ ಹಾಕಿದಾಗ ಭುಜಕ್ಕೆ ಆಗುವುದೂ ಅದೇ: ಹಳ್ಳ ಬೀಳುತ್ತದೆ, ಕತ್ತು ನೋಯುತ್ತದೆ, ನಾವು ಪಟ್ಟಿಯನ್ನು ಇನ್ನೂ ಬಿಗಿ ಮಾಡುತ್ತೇವೆ, ಹಿಂಬದಿ ಇನ್ನೂ ಮೇಲೇರುತ್ತದೆ.

ಈಗ ಹಾಕಿರುವ ಬ್ರಾದಲ್ಲೇ ನೋಡಿ. ಎರಡೂ ಭುಜದ ಪಟ್ಟಿಗಳನ್ನು ಕೆಳಗಿಳಿಸಿ ಅರ್ಧ ನಿಮಿಷ ನಿಲ್ಲಿ. ಬ್ರಾ ಅಲ್ಲೇ ನಿಂತರೆ ಬ್ಯಾಂಡು ಕೆಲಸ ಮಾಡುತ್ತಿದೆ. ಕೂಡಲೇ ಕಳಚಿ ಬಿದ್ದರೆ ಇಷ್ಟು ದಿನ ಭಾರ ಹೊತ್ತದ್ದು ನಿಮ್ಮ ಭುಜ.

ಅಳತೆ

ದರ್ಜಿಯ ಸಾಧಾರಣ ಟೇಪು ಸಾಕು, ಆದರೆ ಸೆಂಟಿಮೀಟರ್ ಗುರುತಿನ ಬದಿಯನ್ನು ಬಳಸಿ. ಕಾರಣ ಮುಂದೆ ಬರುತ್ತದೆ. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿ, ಅಥವಾ ಏನೂ ಹಾಕದೆ, ಕನ್ನಡಿಯ ಮುಂದೆ ನಿಲ್ಲಿ. ಮೊದಲು ಎದೆಯ ಕೆಳಗಿನ ಮಡಿಕೆಗೆ ಸರಿಯಾಗಿ ಟೇಪು ಸುತ್ತಿ. ಬೆನ್ನ ಹಿಂದೆ ಟೇಪು ಇಳಿಯುವುದು ಇಲ್ಲವೇ ಏರುವುದು ಸಾಮಾನ್ಯ, ಆದ್ದರಿಂದ ಪಕ್ಕಕ್ಕೆ ತಿರುಗಿ ಅದು ನೆಲಕ್ಕೆ ಸಮಾಂತರವಾಗಿದೆಯೇ ನೋಡಿ. ಉಸಿರು ಪೂರ್ತಿ ಬಿಟ್ಟು, ಟೇಪು ಮೈಗೆ ಅಂಟುವಷ್ಟು ಬಿಗಿಯಾಗಿ ಓದಿ. ಇದು ಅಂಡರ್‌ಬಸ್ಟ್.

ಎರಡನೆಯದು ಎದೆಯ ಅತಿ ತುಂಬಿದ ಭಾಗದ ಸುತ್ತಳತೆ, ಅದು ಬಸ್ಟ್. ಇಲ್ಲಿ ಟೇಪು ತಾಗಿರಬೇಕು, ಒತ್ತಬಾರದು. ಇದನ್ನು ನೇರ ನಿಂತು ಒಮ್ಮೆ, ಸೊಂಟದಿಂದ ಮುಂದಕ್ಕೆ ಬಾಗಿ ಇನ್ನೊಮ್ಮೆ ತೆಗೆದು ಎರಡರ ಸರಾಸರಿ ಹಿಡಿಯಿರಿ. ಮಕ್ಕಳಿಗೆ ಹಾಲೂಡಿಸಿದವರಿಗೆ ಮತ್ತು ವಯಸ್ಸಿನ ಜೊತೆ ಎದೆ ಜೋತವರಿಗೆ ಈ ಬಾಗಿದ ಅಳತೆ ಬಹಳ ಮುಖ್ಯ. ನಿಂತ ಅಳತೆಯೊಂದನ್ನೇ ನಂಬಿದರೆ ಕಪ್ ಒಂದೆರಡು ಸೈಜು ಸಣ್ಣದಾಗುತ್ತದೆ.

ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದಿರುತ್ತದೆ, ಆಗ ಅಳೆಯಬೇಡಿ. ಮುಟ್ಟು ಮುಗಿದ ನಾಲ್ಕಾರು ದಿನಗಳ ನಂತರದ ಅಳತೆ ನಂಬಿಕೆಗೆ ಅರ್ಹ.

ಒಂದೇ ಮೈ, ಮೂರು ಲೆಕ್ಕ

ಗೊಂದಲವೆಲ್ಲ ಇಲ್ಲಿದೆ. ಒಬ್ಬರ ಅಂಡರ್‌ಬಸ್ಟ್ 76 ಸೆಂ.ಮೀ. (30 ಇಂಚು), ಬಸ್ಟ್ 91 ಸೆಂ.ಮೀ. (36 ಇಂಚು) ಎಂದಿಟ್ಟುಕೊಳ್ಳಿ.

ಹಳೆಯ ಲೆಕ್ಕದಲ್ಲಿ ಅಂಡರ್‌ಬಸ್ಟ್ ಇಂಚಿಗೆ 4 ಕೂಡಿಸುತ್ತಾರೆ (ಬೆಸ ಸಂಖ್ಯೆ ಬಂದರೆ 5). 30ಕ್ಕೆ 4 ಸೇರಿ 34. ಬಸ್ಟ್ 36ರಿಂದ 34 ಕಳೆದರೆ 2. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ. ಹಾಗಾಗಿ 34 ಬಿ.

ಹೊಸ ಲೆಕ್ಕದಲ್ಲಿ ಏನನ್ನೂ ಕೂಡಿಸುವುದಿಲ್ಲ. ಬ್ಯಾಂಡು 30, ವ್ಯತ್ಯಾಸ 6 ಇಂಚು. ಬ್ರಿಟಿಷ್ ಕ್ರಮದಲ್ಲಿ ಎ, ಬಿ, ಸಿ, ಡಿ, ಡಿಡಿ, ಇ ಎಂದು ಎಣಿಸಿದರೆ 30 ಇ. ಅಂತರ್ಜಾಲದ ಕ್ಯಾಲ್ಕುಲೇಟರುಗಳಲ್ಲಿ ಹಲವು ಇದನ್ನೇ ಹೇಳುತ್ತವೆ. ಓದಿದವರು ಬೆಚ್ಚಿಬೀಳುತ್ತಾರೆ.

ಮೂರನೆಯದು ಯುರೋಪಿನ ಸೆಂಟಿಮೀಟರ್ ಲೆಕ್ಕ. ಅದರಲ್ಲಿ 73ರಿಂದ 77 ಸೆಂ.ಮೀ. ಅಂಡರ್‌ಬಸ್ಟ್‌ನವರು 75. ವ್ಯತ್ಯಾಸ 12–14 ಸೆಂ.ಮೀ. ಇದ್ದರೆ ಎ, 14–16 ಬಿ, 16–18 ಸಿ, 18–20 ಡಿ. ನಮ್ಮ ಉದಾಹರಣೆಯವರಿಗೆ 15 ಸೆಂ.ಮೀ., ಅಂದರೆ 75 ಬಿ. ಲೇಬಲ್ಲಿನಲ್ಲಿ ಎರಡೂ ಇದ್ದರೆ 75ರ ಪಕ್ಕದಲ್ಲಿ 34 ಎಂದಿರುತ್ತದೆ.

34 ಎಂದು ಅಚ್ಚಾದ ಬ್ರಾ 34 ಇಂಚಿನ ಪಕ್ಕೆಗೆ ಮಾಡಿದ್ದಲ್ಲ, ಸುಮಾರು 29–30 ಇಂಚಿನ ಪಕ್ಕೆಗೆ ಮಾಡಿದ್ದು ಎಂಬುದನ್ನು ಗಮನಿಸಿ. ಕೂಡಿಸಬೇಕಾದ 4 ಆ ಚಾರ್ಟಿನಲ್ಲೇ ಅಡಗಿದೆ. 65ಕ್ಕೆ 30, 70ಕ್ಕೆ 32, 75ಕ್ಕೆ 34, 80ಕ್ಕೆ 36, 85ಕ್ಕೆ 38. ಈ ಚಾರ್ಟು ಇಟ್ಟುಕೊಂಡ ಬ್ರ್ಯಾಂಡಿನಲ್ಲಿ 30 ಇಂಚಿನವರು ಕ್ಯಾಲ್ಕುಲೇಟರ್ ಮಾತು ಕೇಳಿ 30 ತಂದರೆ 65 ಸೆಂ.ಮೀ. ಮೈಗೆ ಹೊಲಿದದ್ದು ಸಿಗುತ್ತದೆ, ಹುಕ್ಕೇ ಕೂಡುವುದಿಲ್ಲ. ಬ್ಯಾಂಡನ್ನು ನೇರ ಇಂಚಿನಲ್ಲೇ ಲೆಕ್ಕ ಹಾಕುವ ಬ್ರ್ಯಾಂಡಿನಲ್ಲಿ 34 ತಂದರೆ ಜೋಳಿಗೆ. ಆದ್ದರಿಂದ ನಮ್ಮ ಆಯ್ಕೆ ಮೂರನೆಯ ಲೆಕ್ಕ: ಪ್ರತಿ ಬ್ರ್ಯಾಂಡಿನ ಚಾರ್ಟಿನಲ್ಲಿ ಸೆಂಟಿಮೀಟರ್ ಸಾಲನ್ನು ಹುಡುಕಿ, ನಿಮ್ಮ ಅಂಡರ್‌ಬಸ್ಟ್ ಯಾವ ಮನೆಯಲ್ಲಿ ಬೀಳುತ್ತದೆ ನೋಡಿ. ಎರಡು ಮನೆಗಳ ಗಡಿಯಲ್ಲಿದ್ದು ಪಕ್ಕೆಯ ಮೇಲೆ ಮಾಂಸ ಮೃದುವಾಗಿದ್ದರೆ ಕೆಳಗಿನ ನಂಬರು ಹಿಡಿಯಿರಿ, ಎಲುಬು ಕೈಗೆ ಸಿಗುವವರು ಮೇಲಿನದು.

ಡಿ ದಾಟಿದ ಮೇಲೆ ಅಕ್ಷರಗಳೂ ದಾರಿ ಬದಲಿಸುತ್ತವೆ. ಬ್ರಿಟಿಷ್ ಕ್ರಮದ ಡಿಡಿ ಯುರೋಪಿನಲ್ಲಿ ಇ, ಬ್ರಿಟಿಷ್ ಇ ಯುರೋಪಿನಲ್ಲಿ ಎಫ್. ಒಂದು ಬ್ರ್ಯಾಂಡಿನಲ್ಲಿ ಕೂತ ಅಕ್ಷರ ಇನ್ನೊಂದರಲ್ಲಿ ಕೂರದಿದ್ದರೆ ಇದೂ ಕಾರಣವಿರಬಹುದು.

ಹಳೆಯ ಕಾಲದ ಗಟ್ಟಿ ಕಾಟನ್ ಬ್ರಾಗಳ ಮಾತು ಬೇರೆ. ಅವುಗಳಲ್ಲಿ ಹಿಗ್ಗುವುದು ಬೆನ್ನಿನ ಹುಕ್ಕಿನ ಪಕ್ಕದ ಎರಡಿಂಚಿನ ಎಲಾಸ್ಟಿಕ್ ಮಾತ್ರ. ಅವನ್ನು ಚಾರ್ಟಿನಿಂದ ಕೊಳ್ಳುವುದಕ್ಕಿಂತ ಟೇಪಿನಿಂದ ಕೊಳ್ಳುವುದು ಸರಿ.

ಟ್ರಯಲ್ ರೂಮ್ ಇಲ್ಲದ ಕಡೆ

ತುಳಶಿಬಾಗಿಗೆ, ದಾದರ್‌ಗೆ, ಮಡಗಾಂವ್ ಮಾರ್ಕೆಟ್ಟಿಗೆ ಹೋಗುವಾಗ ಪರ್ಸಿನಲ್ಲಿ ಟೇಪು ಇರಲಿ. ಬ್ರಾವನ್ನು ಹೊರಗಿನ, ಅಂದರೆ ಅತಿ ಸಡಿಲದ ಸಾಲಿನ ಹುಕ್ಕಿಗೆ ಹಾಕಿಸಿ. ಬ್ಯಾಂಡಿನ ಎರಡು ತುದಿ ಹಿಡಿದು ಚೆನ್ನಾಗಿ ಎಳೆದು, ಎಳೆದಾಗಿನ ಪೂರ್ತಿ ಸುತ್ತಳತೆ ನೋಡಿ. ನಿಮ್ಮ ಅಂಡರ್‌ಬಸ್ಟ್‌ಗಿಂತ ಒಂದರಿಂದ ಎರಡು ಇಂಚು ಹೆಚ್ಚು ಬಂದರೆ ಕೊಳ್ಳಬಹುದು. ಅಷ್ಟೇ ಬಂದರೆ ಉಸಿರು ಕಟ್ಟುತ್ತದೆ. ನಾಲ್ಕೈದು ಇಂಚು ಹೆಚ್ಚು ಹಿಗ್ಗಿದರೆ ಎರಡು ತಿಂಗಳಲ್ಲಿ ಜೋತುಬೀಳುತ್ತದೆ. ಅಂಗಡಿಯವರು ಅವಸರ ಮಾಡಿದರೂ ಇದಕ್ಕೆ ಅರ್ಧ ನಿಮಿಷ ಸಾಕು. ದುಡ್ಡು ಕೊಡುವ ಮೊದಲು “ಬದಲೂನ್ ಮಿಳೇಲ್ ಕಾ?” (ಬದಲಿಸಿ ಕೊಡುತ್ತೀರಾ?) ಎಂದು ಕೇಳಿಬಿಡಿ. ಒಳಉಡುಪನ್ನು ವಾಪಸ್ ತೆಗೆದುಕೊಳ್ಳದವರು ಬಹಳ.

ನಿಮ್ಮ ಸೈಜು ಇಲ್ಲದಾಗ ಏನು ಕೊಡುತ್ತಾರೆ ಎಂಬುದರ ಮೇಲೂ ಕಣ್ಣಿರಲಿ. 36 ಬಿ ಕೇಳಿದರೆ “ಸೇಮ್ ಹೈ” ಎಂದು 38 ಬಿ ಬರುತ್ತದೆ. ಅದು ಸೇಮ್ ಅಲ್ಲ. ಬ್ಯಾಂಡಿನ ಜೊತೆಗೆ ಕಪ್‌ನ ಗಾತ್ರವೂ ಬೆಳೆಯುತ್ತದೆ, 38ರ ಬಿ 36ರ ಸಿ ಯಷ್ಟಿರುತ್ತದೆ. ಬ್ಯಾಂಡು ಒಂದು ಮೆಟ್ಟಿಲು ಹತ್ತಿದರೆ ಅಕ್ಷರ ಒಂದು ಮೆಟ್ಟಿಲು ಇಳಿಯಬೇಕು, ಬ್ಯಾಂಡು ಇಳಿದರೆ ಅಕ್ಷರ ಹತ್ತಬೇಕು. 32 ಸಿ, 34 ಬಿ, 36 ಎ ಈ ಮೂರರ ಕಪ್‌ಗಳು ಒಂದೇ ಅಳತೆಯವು. ಇವಕ್ಕೆ ಸಿಸ್ಟರ್ ಸೈಜ್ ಎನ್ನುತ್ತಾರೆ. 36 ಬಿ ಹಾಕುತ್ತಿದ್ದು ಕಪ್ ಸರಿಯಿದ್ದು ಬೆನ್ನು ಮೇಲೇರುತ್ತಿದ್ದರೆ ಕೇಳಬೇಕಾದ್ದು 34 ಸಿ. 34 ಬಿ ಕೇಳಿದರೆ ಬ್ಯಾಂಡು ಸರಿಹೋಗಿ ಕಪ್ ಸಣ್ಣದಾಗುತ್ತದೆ.

ಮಾಲಿನ ದೊಡ್ಡ ಅಂಗಡಿಗಳಲ್ಲಿ ಟ್ರಯಲ್ ರೂಮ್ ಇರುತ್ತದೆ, ಹಲವು ಕಡೆ ಅಳತೆ ತೆಗೆಯುವ ಹೆಂಗಸರೂ ಇರುತ್ತಾರೆ. ಮೊದಲ ಸಲ ಸೈಜು ಕಂಡುಕೊಳ್ಳಲು ಅಲ್ಲಿಗೇ ಹೋಗಿ ಎನ್ನುತ್ತೇವೆ. ಮೂರು ಬ್ಯಾಂಡು, ಮೂರು ಕಪ್ ಅದಲುಬದಲು ಮಾಡಿ ಹಾಕಿ ನೋಡುವ ಅವಕಾಶಕ್ಕೆ ಬೆಲೆ ಕೊಡಬಹುದು. ಒಮ್ಮೆ ಒಂದು ಬ್ರ್ಯಾಂಡಿನ ಒಂದು ಮಾಡೆಲ್ ಕೂತರೆ ಅದನ್ನೇ ಆನ್‌ಲೈನಿನಲ್ಲಿ ಮತ್ತೆ ತರಿಸಿಕೊಳ್ಳಿ. ಹೊಸ ಮಾಡೆಲ್ಲನ್ನು ಮಾತ್ರ ನಂಬರಿನ ಭರವಸೆಯಲ್ಲಿ ತರಿಸಬೇಡಿ, ಅದೇ ಬ್ರ್ಯಾಂಡ್ ಆದರೂ.

ಹಾಕಿ ನೋಡುವುದು ಹೇಗೆ

ಹೊಸ ಬ್ರಾ ಅತಿ ಸಡಿಲದ ಹುಕ್ಕಿನಲ್ಲಿ ಬಿಗಿಯಾಗಿ ಕೂರಬೇಕು. ಎಲಾಸ್ಟಿಕ್ ಹಿಗ್ಗುತ್ತಾ ಹೋದಂತೆ ಒಳಗಿನ ಸಾಲಿಗೆ ಬರಲಿಕ್ಕೆ ಆ ಎರಡು ಮೂರು ಸಾಲು ಇಟ್ಟಿರುವುದು. ಮೊದಲ ದಿನವೇ ಒಳಗಿನ ಸಾಲು ಬೇಕಾದರೆ ಅದು ನಿಮ್ಮದಲ್ಲ.

ಹುಕ್ಕು ಹಾಕಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ. ಬಲಗೈಯನ್ನು ಎಡ ಕಪ್‌ನೊಳಗೆ ತೂರಿಸಿ, ಕಂಕುಳ ಕೆಳಗಿನಿಂದ ಎದೆಯ ಭಾಗವನ್ನು ಪೂರ್ತಿ ಬಾಚಿ ಕಪ್‌ಗೆ ತನ್ನಿ. ಇನ್ನೊಂದು ಕಡೆಯೂ ಹಾಗೇ. ಈ ಒಂದು ಕೆಲಸ ಮಾಡದೆ ಸೈಜು ನೋಡುವವರೇ ಹೆಚ್ಚು. ಬಾಚಿದ ಮೇಲೆ ಇಷ್ಟು ದಿನ ಸರಿ ಕಾಣುತ್ತಿದ್ದ ಕಪ್ ಅಂಚಿನಲ್ಲಿ ಎದೆ ಉಕ್ಕಿ ಎರಡು ಭಾಗವಾಗಿ ಕಂಡರೆ ಕಪ್ ಸಣ್ಣದು. ಕಂಕುಳ ಬಳಿ “ಕೊಬ್ಬು” ಎಂದು ಬೇಸರಪಟ್ಟುಕೊಳ್ಳುವ ಉಬ್ಬು ಎಷ್ಟೋ ಸಲ ಸಣ್ಣ ಕಪ್‌ನಿಂದ ಹೊರದಬ್ಬಿದ ಎದೆಯೇ.

ಕಪ್ ಕೆಳಗೆ ತಂತಿಯಿರುವ ವೈರಿನ ಬ್ರಾದಲ್ಲಿ ಎರಡು ಕಪ್‌ಗಳ ನಡುವಿನ ತುಂಡು ಎದೆಯ ಮೂಳೆಗೆ ಅಂಟಿ ಕೂರಬೇಕು. ಆ ತುಂಡು ಮೂಳೆಯಿಂದ ಎದ್ದು ನಿಂತರೆ ಕಪ್ ಸಾಲದು. ವೈರು ಎದೆಯ ಬುಡದ ಗೆರೆಯ ಗುಂಟ ಹೋಗಿ ಪಕ್ಕದಲ್ಲಿ ಕಂಕುಳ ನಡುಗೆರೆಯ ಕಡೆ ಮುಗಿಯಬೇಕು. ಎದೆಯ ಮೇಲೇ ಹತ್ತಿ ಕೂತರೆ ಸಂಜೆಯ ಹೊತ್ತಿಗೆ ಚುಚ್ಚುತ್ತದೆ, ಅದನ್ನೇ “ನನಗೆ ವೈರ್ ಆಗಲ್ಲ” ಎಂದು ಹಲವರು ತಿಳಿದಿರುತ್ತಾರೆ. ಅಳತೆ ಸರಿಯಿದ್ದ ವೈರು ಇದೆ ಎಂದೇ ಗೊತ್ತಾಗುವುದಿಲ್ಲ. ವೈರಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಬ್ಯಾಂಡಿನೊಳಗೆ ಎರಡು ಬೆರಳು ಕಷ್ಟವಿಲ್ಲದೆ ಹೋಗಬೇಕು, ಮುಷ್ಟಿ ಹೋಗಬಾರದು. ಭುಜದ ಪಟ್ಟಿಯ ಕೆಳಗೂ ಎರಡು ಬೆರಳು. ಕೊನೆಗೆ ಲೋಕಲ್‌ನ ಹಿಡಿಕೆ ಹಿಡಿದಂತೆ ಎರಡೂ ಕೈ ಮೇಲೆತ್ತಿ, ಚಪ್ಪಲಿ ಹಾಕುವಂತೆ ಬಾಗಿ, ಕೂತು ಎದ್ದು ನೋಡಿ. ಬೆನ್ನಿನ ಬ್ಯಾಂಡು ಮುಂದಿನದಕ್ಕಿಂತ ಮೇಲೆ ಹೋಗಬಾರದು. ಬಿಚ್ಚಿದ ಮೇಲೆ ತಿಳಿ ಗೆರೆ ಇದ್ದು ಅರ್ಧ ಗಂಟೆಯಲ್ಲಿ ಮಾಯವಾದರೆ ಚಿಂತೆಯಿಲ್ಲ. ಕೆಂಪಾಗಿ ಕೊರೆದು ಉಳಿದರೆ ಸೈಜು ತಪ್ಪು.

ಎರಡು ಎದೆಗಳು ಒಂದೇ ಗಾತ್ರ ಇರದಿರುವುದು ಸಹಜ. ದೊಡ್ಡದಕ್ಕೆ ಕಪ್ ಹಿಡಿದು, ಸಣ್ಣದಕ್ಕೆ ತೆಗೆಯಬಹುದಾದ ಪ್ಯಾಡ್ ಇಡಿ. ಆದರೆ ಒಂದು ಬದಿ ಇದ್ದಕ್ಕಿದ್ದಂತೆ ಬದಲಾದರೆ, ಗಂಟು ಸಿಕ್ಕರೆ, ಬ್ರಾ ಬದಲಿಸುವುದಲ್ಲ, ಡಾಕ್ಟರನ್ನು ಕಾಣಬೇಕು.

ಹೊಲಿಗೆಯ ಕಪ್ಪೋ, ಅಚ್ಚಿನ ಕಪ್ಪೋ

ನಮೂನೆಗಳು ಇಪ್ಪತ್ತು ಇದ್ದರೂ ದಿನನಿತ್ಯಕ್ಕೆ ನಿಜವಾದ ಆಯ್ಕೆ ಈ ಎರಡರ ನಡುವೆ. ಎರಡು ಮೂರು ತುಂಡು ಬಟ್ಟೆ ಸೇರಿಸಿ ಹೊಲಿದ, ಪ್ಯಾಡ್ ಇಲ್ಲದ ಕಪ್ ಒಂದು. ಫೋಮ್ ಬಿಸಿಮಾಡಿ ಅಚ್ಚೊತ್ತಿದ, ಟಿ-ಶರ್ಟ್ ಬ್ರಾ ಎಂದು ಕರೆಯುವ ಕಪ್ ಇನ್ನೊಂದು.

ಅಚ್ಚಿನ ಕಪ್‌ಗೆ ತನ್ನದೇ ಆಕಾರವಿದೆ, ಎದೆ ಅದಕ್ಕೆ ಹೊಂದಿಕೊಳ್ಳಬೇಕು. ಮೇಲೂ ಕೆಳಗೂ ಸಮನಾಗಿ ತುಂಬಿದವರಿಗೆ ಚೆನ್ನಾಗಿ ಕೂರುತ್ತದೆ, ಕುರ್ತಿಯ ಮೇಲೆ ಗೆರೆ ಕಾಣುವುದಿಲ್ಲ. ಮೇಲಿನ ಭಾಗ ಇಳಿದು ಕೆಳಗೆ ತುಂಬಿದವರಿಗೆ ಕಪ್‌ನ ಮೇಲಂಚು ಬಾಯಿ ಬಿಡುತ್ತದೆ. ಆಗ ಹಲವರು ಸಣ್ಣ ಕಪ್‌ಗೆ ಇಳಿಯುತ್ತಾರೆ, ಬಾಯಿ ಮುಚ್ಚುತ್ತದೆ, ಆದರೆ ಕೆಳಗೆ ವೈರೋ ಬ್ಯಾಂಡೋ ಎದೆಯ ಮೇಲೆ ಹತ್ತುತ್ತದೆ. ಅಲ್ಲಿ ತಪ್ಪಿದ್ದು ಆಕಾರ. ಅದೇ ಸೈಜಿನ ಹೊಲಿಗೆಯ ಕಪ್ ಹಾಕಿದರೆ, ವಿಶೇಷವಾಗಿ ಪಕ್ಕದಲ್ಲಿ ಎತ್ತಿ ಹಿಡಿಯುವ ತುಂಡು ಇದ್ದರೆ, ಎದೆ ಮುಂದಕ್ಕೆ ಬಂದು ನಿಲ್ಲುತ್ತದೆ. ಹೊಲಿಗೆ ಹಿಗ್ಗುವುದಿಲ್ಲವಾದ್ದರಿಂದ ಭಾರದ ಎದೆಗೆ ಅದರಷ್ಟು ಆಧಾರ ಬರೀ ಫೋಮಿನಿಂದ ಸಿಗುವುದಿಲ್ಲ. “ಹಳೆ ಕಾಲದ್ದು” ಎಂದು ಅದನ್ನು ಬದಿಗಿಡುವವರ ಬಗ್ಗೆ ನಮಗೆ ನಿಜಕ್ಕೂ ಬೇಸರವಿದೆ.

ಮುಂಬೈ, ಗೋವಾದ ಹವೆಯೂ ಹೊಲಿಗೆಯ ಕಪ್ ಪರವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋಮು ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತರೆ ಚರ್ಮ ಕೆಂಪಾಗಿ ತುರಿಸಿ ಶಿಲೀಂಧ್ರ ಹತ್ತುತ್ತದೆ. ಎದೆಗೆ ತಾಗುವ ಕಡೆ ಕಾಟನ್, ಬ್ಯಾಂಡಿಗೆ ನೈಲಾನ್–ಇಲಾಸ್ಟೇನ್ ಇದ್ದರೆ ಹೀರುವುದೂ ಆಯಿತು, ಬೇಗ ಒಣಗುವುದೂ ಆಯಿತು. ಪುಣೆಯ ಒಣ ಚಳಿಗಾಲದಲ್ಲಿ ಯಾವುದಾದರೂ ನಡೆದೀತು.

ಉಳಿದವು ಚುಟುಕಾಗಿ: ಮಿನಿಮೈಸರ್ ಎದೆಯನ್ನು ಪಕ್ಕಕ್ಕೆ ಹರಡಿ ಮುಂಚಾಚು ಕಡಿಮೆ ಮಾಡುತ್ತದೆ. ಅಂಗಿಯ ಗುಂಡಿ ಬಾಯಿ ಬಿಡುವುದು ನಿಲ್ಲುತ್ತದೆ, ಆದರೆ ಬ್ಲೌಸಿನ ಕಂಕುಳು ಬಿಗಿಯಾಗುತ್ತದೆ. ಎಸ್-ಎಂ-ಎಲ್ ಸೈಜಿನಲ್ಲಿ ಬರುವ, ವೈರಿಲ್ಲದ ಮೆತ್ತನೆಯ ಬ್ರಾಲೆಟ್ ಸಣ್ಣ ಎದೆಯವರಿಗೆ, ಮನೆಗೆ. ಹಾಲೂಡಿಸುವ ಬ್ರಾವನ್ನು ಒಂಬತ್ತನೇ ತಿಂಗಳ ಹೊತ್ತಿಗೆ, ವೈರಿಲ್ಲದ್ದು, ಕಪ್‌ನಲ್ಲಿ ಅಂಗೈ ತೂರುವಷ್ಟು ಜಾಗವಿಟ್ಟು ಕೊಳ್ಳಿ, ಆಗಲೂ ಹೊರಗಿನ ಹುಕ್ಕಿಗೇ ಕೂರಬೇಕು, ಏಕೆಂದರೆ ಹೆರಿಗೆಯ ನಂತರ ಪಕ್ಕೆ ಇಳಿಯುತ್ತದೆ. ಪರೇಲಿನ ಟಾಟಾ ಆಸ್ಪತ್ರೆಗೆ ಊರಿಂದ ಬಂದು ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಒಳಗೆ ಜೇಬಿರುವ ಬೇರೆಯೇ ಬ್ರಾ ಇದೆ. ಅದರೊಳಗೆ ಇಡುವ ಕೃತಕ ಸ್ತನ ಇನ್ನೊಂದು ಬದಿಯ ತೂಕಕ್ಕೆ ಹೊಂದಬೇಕು, ಇಲ್ಲವಾದರೆ ಭುಜ ಒಂದು ಕಡೆ ವಾಲುತ್ತದೆ.

ಪರ್ವತಿ ಹತ್ತುವವರು, ಸಿಂಹಗಡಕ್ಕೆ ಹೋಗುವವರು, ಮರೈನ್ ಡ್ರೈವಿನಲ್ಲಿ ಓಡುವವರು ದಿನದ ಬ್ರಾದಲ್ಲಿ ಹೋಗಬೇಡಿ. ಓಡುವಾಗ ಎದೆ ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಅಲುಗುತ್ತದೆ. ಎ, ಬಿ ಕಪ್‌ನವರಿಗೆ ಒತ್ತಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಸಾಕು. ಸಿ ಮತ್ತು ಮೇಲಿನವರಿಗೆ ಒಳಗೆ ಎರಡು ಕಪ್ ಬೇರೆಬೇರೆ ಇರುವ, ಬೆನ್ನಲ್ಲಿ ಹುಕ್ಕಿರುವ ನಮೂನೆ ಬೇಕು. ಕನ್ನಡಿಯ ಮುಂದೆ ಹತ್ತು ಸಲ ಜಿಗಿದು ನೋಡಿ ಕೊಳ್ಳಿ.

ಸೀರೆಯ ಬ್ಲೌಸಿಗೆ

ಬ್ಲೌಸು ಹೊಲಿಸಲು ಹೋಗುವಾಗ ಅದರೊಳಗೆ ಹಾಕುವ ಬ್ರಾವನ್ನೇ ಹಾಕಿಕೊಂಡು ಹೋಗಿ. ಚೂಪು ಕಪ್‌ನ ಬ್ರಾಗೆ ಅಳತೆ ಕೊಟ್ಟ ಬ್ಲೌಸಿನ ಡಾರ್ಟು ಗುಂಡು ಕಪ್ ಹಾಕಿದ ದಿನ ಸುಕ್ಕಾಗುತ್ತದೆ. ಕಟೋರಿ ಬ್ಲೌಸಿನಲ್ಲಿ ಈ ತಪ್ಪು ಎದ್ದು ಕಾಣುತ್ತದೆ: ಕಟೋರಿಯ ಕೆಳಗಿನ ಹೊಲಿಗೆ ಎದೆಯ ಮಡಿಕೆಯಲ್ಲಿ ಕೂರಬೇಕು, ಬ್ರಾ ಸಡಿಲವಾಗಿದ್ದರೆ ಅದು ಎದೆಯ ಮಧ್ಯಕ್ಕೆ ಬಂದುಬಿಡುತ್ತದೆ. ಹಳೆಯ ಬ್ಲೌಸುಗಳ ರಾಶಿ ಇದ್ದು ಹೊಸ ಸೈಜಿಗೆ ಬದಲಾದರೆ ಆ ಬ್ಲೌಸುಗಳು ಒಂದಿಷ್ಟು ಬಿಗಿಯಾಗುತ್ತವೆ, ಏಕೆಂದರೆ ಎದೆ ಎತ್ತರಕ್ಕೆ ಬಂದಿರುತ್ತದೆ. ಪಕ್ಕದ ಮಾರ್ಜಿನ್ ಬಿಚ್ಚಿಸಿಕೊಳ್ಳಿ. ಬೆನ್ನು ಆಳವಾಗಿರುವ, ದಾರ ಕಟ್ಟುವ ಬ್ಲೌಸಿನೊಳಗೆ ದರ್ಜಿಗಳು ಕಪ್ ಹೊಲಿದುಕೊಡುತ್ತಾರೆ. ಅದು ಆಕಾರ ಕೊಡುತ್ತದೆ, ಬ್ಯಾಂಡಿಲ್ಲದ್ದರಿಂದ ಆಧಾರ ಕೊಡುವುದಿಲ್ಲ. ಡಿ ಕಪ್ ದಾಟಿದವರು ಮದುವೆಮನೆಯಲ್ಲಿ ಇಡೀ ದಿನ ಅದನ್ನು ನೆಚ್ಚುವುದು ಕಷ್ಟ.

ಒಗೆತ, ಮಳೆಗಾಲ

ದಿನಕ್ಕೆ ಒಂದರಂತೆ ಸರದಿಯಲ್ಲಿ ಕನಿಷ್ಠ ಮೂರು ಬ್ರಾ ಇರಲಿ. ಹಿಗ್ಗಿದ ಎಲಾಸ್ಟಿಕ್ ಮತ್ತೆ ಕುಗ್ಗಲು ಒಂದು ದಿನದ ಬಿಡುವು ಬೇಕು. ತಣ್ಣೀರಿನಲ್ಲಿ ಸೌಮ್ಯ ಸೋಪು, ಕೈಯಲ್ಲಿ ಒಗೆತ. ಮಷಿನ್ನೇ ಗತಿಯಾದರೆ ಹುಕ್ಕು ಹಾಕಿ ಜಾಲರಿ ಚೀಲದಲ್ಲಿಡಿ, ಇಲ್ಲದಿದ್ದರೆ ಹುಕ್ಕು ಪಕ್ಕದ ಬಟ್ಟೆ ಹರಿಯುತ್ತದೆ, ವೈರು ತನ್ನ ಕೊಳವೆಯಿಂದ ಹೊರಬರುತ್ತದೆ. ಹಿಂಡಬೇಡಿ. ಫೋಮಿನ ಕಪ್‌ ಅನ್ನು ಒಣ ಟವೆಲಿನಲ್ಲಿ ಸುತ್ತಿ ಒತ್ತಿ. ಒದ್ದೆ ಬ್ರಾವನ್ನು ಭುಜದ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಪಟ್ಟಿ ಉದ್ದವಾಗುತ್ತದೆ, ಎರಡು ಕಪ್‌ಗಳ ನಡುವಿನ ತುಂಡನ್ನು ಹಗ್ಗದ ಮೇಲೆ ಹಾಕಿ. ಬಿಸಿಲು, ಡ್ರೈಯರ್, ಇಸ್ತ್ರಿ ಮೂರೂ ಎಲಾಸ್ಟಿಕ್ಕಿಗೆ ಆಗದು. ಮಳೆಗಾಲದಲ್ಲಿ ಒಂದು ಕೋಣೆಯ ಮನೆಯೊಳಗೆ ಫೋಮು ಒಣಗಲು ಎರಡು ದಿನ ಹಿಡಿದು ಮುಗ್ಗು ವಾಸನೆ ಬರುವುದರಿಂದ ಆ ನಾಲ್ಕು ತಿಂಗಳು ಫೋಮಿಲ್ಲದ್ದನ್ನೇ ಹಾಕಿ. ಒಂದು ಕಪ್‌ ಅನ್ನು ಇನ್ನೊಂದರೊಳಗೆ ಮಡಚಿ ತುರುಕಿಟ್ಟರೆ ಫೋಮಿನಲ್ಲಿ ಬಿದ್ದ ಗೀರು ಹೋಗುವುದಿಲ್ಲ, ಒಂದರ ಹಿಂದೆ ಒಂದು ನಿಲ್ಲಿಸಿಡಿ.

ಸರದಿಯಲ್ಲಿ ಹಾಕಿದ ಬ್ರಾ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬರುತ್ತದೆ. ಅತಿ ಒಳಗಿನ ಹುಕ್ಕಿಗೆ ಹಾಕಿದರೂ ಬೆನ್ನ ಬ್ಯಾಂಡು ಮೇಲೇರಿದರೆ, ಅಥವಾ ಎಳೆದು ಬಿಟ್ಟಾಗ ಎಲಾಸ್ಟಿಕ್ ಅಲೆಅಲೆಯಾಗಿ ನಿಂತರೆ, ಅದರ ಕೆಲಸ ಮುಗಿಯಿತು. ಹೊಸದು ಕೊಳ್ಳುವ ಮೊದಲು ಮತ್ತೆ ಟೇಪು ಹಿಡಿಯಿರಿ, ಹಳೆಯ ಲೇಬಲ್ಲಿನ ನಂಬರು ಒಯ್ಯಬೇಡಿ.